ಎತ್ತುವ ಭಾರ, ಬೀಳುವ ಭಾರ: ಕೆಲಸ, ಸಾಮರ್ಥ್ಯ, ಯಾಂತ್ರಿಕ ಶಕ್ತಿಯ ಲೆಕ್ಕ ಹಾಕುವ ಬಗೆ

ಭಾರ ಎತ್ತುವ ಲೆಕ್ಕಕ್ಕೆ ಮೂರು ಅಳತೆ ಸಾಕು: ವಸ್ತು ಎಷ್ಟು ಕೆಜಿ, ನೇರ ಮೇಲಕ್ಕೆ ಎಷ್ಟು ಮೀಟರ್ ಏರಿತು, ಎಷ್ಟು ಸೆಕೆಂಡ್ ಹಿಡಿಯಿತು. ಬೀಳುವ ಲೆಕ್ಕಕ್ಕೆ ನಾಲ್ಕನೆಯದೊಂದು ಬೇಕು: ಬಿದ್ದ ವಸ್ತು ತಾಗಿದ ಮೇಲೆ ಎಷ್ಟು ದೂರ ಸರಿದು ನಿಂತಿತು. ಈ ನಾಲ್ಕನೆಯ ಅಳತೆ ಇಲ್ಲದೆ ‘ಪೆಟ್ಟು ಎಷ್ಟು ಬಿತ್ತು’ ಎಂದು ಹೇಳಲು ಬರುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಯಲ್ಲೂ ಕಾರ್ಖಾನೆಯ ಅಂಗಳದಲ್ಲೂ ಹೆಚ್ಚಿನ ಲೆಕ್ಕ ಕೆಡುವುದು ಅಲ್ಲಿಯೇ.

ಬೆಳಗಾವಿಯ ಉದ್ಯಮಬಾಗದಲ್ಲಿ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ಸಾಧನ) ಎಳೆಯುವವರಿಗೂ, ಇಂಡಿಯ ನಿಂಬೆ ತೋಟಕ್ಕೆ ಪಂಪು ಆರಿಸುವವರಿಗೂ, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಓದುವ ಮಕ್ಕಳಿಗೂ ಸೂತ್ರ ಒಂದೇ. ಲೆಕ್ಕದ ಸರಣಿಯನ್ನು ತಪ್ಪಿಸಬಾರದು, ಅಷ್ಟೆ: ಮೊದಲು ಕೆಜಿಯನ್ನು ನ್ಯೂಟನ್ ಮಾಡಿ, ನ್ಯೂಟನ್ನಿಂದ ಜೂಲ್, ಜೂಲ್‌ನಿಂದ ವ್ಯಾಟ್.

ಮೊದಲು ಅಳತೆ ಸರಿ ಇರಲಿ

ರಾಶಿ ಬೇರೆ, ತೂಕ ಬೇರೆ. ತಕ್ಕಡಿ ತೋರಿಸುವ ಕೆಜಿ ರಾಶಿ. ಭೂಮಿ ಅದನ್ನು ಎಳೆಯುವ ಬಲ ತೂಕ, ಅದರ ಮಾನ ನ್ಯೂಟನ್. ಕೆಜಿಯನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದರೆ ತೂಕ ಬರುತ್ತದೆ. ಈ ವೇಗೋತ್ಕರ್ಷವನ್ನು ಮುಂದೆ ‘ಜಿ’ ಎಂದೇ ಕರೆಯೋಣ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಅಕ್ಷಾಂಶದಲ್ಲಿ ಅದರ ಬೆಲೆ ಸುಮಾರು 9.78. ಹಾಗಾಗಿ 9.8 ಹಿಡಿದರೆ ತಪ್ಪು ಶೇ 0.2ರಷ್ಟು, ಯಾವ ಕೆಲಸಕ್ಕೂ ಅಡ್ಡಿಯಿಲ್ಲ. 10 ಹಿಡಿದರೆ ಉತ್ತರ ಶೇ 2ರಷ್ಟು ಹೆಚ್ಚು ಬರುತ್ತದೆ. ಬಾಯಿಲೆಕ್ಕಕ್ಕೆ ಅದೇ ಅನುಕೂಲ. ಪ್ರಶ್ನೆಪತ್ರಿಕೆಯಲ್ಲಿ ಬೆಲೆ ಕೊಟ್ಟಿದ್ದರೆ ಅದನ್ನೇ ಬಳಸಿ. ಅರ್ಧ ಲೆಕ್ಕಕ್ಕೆ 9.8, ಇನ್ನರ್ಧಕ್ಕೆ 10 ಬೇಡ.

ತೂಗಲಾಗದ ವಸ್ತುವಿನ ರಾಶಿಯನ್ನು ಗಾತ್ರದಿಂದ ತೆಗೆಯಬೇಕು. ಉದ್ದ, ಅಗಲ, ಎತ್ತರ ಮೂರನ್ನೂ ಮೀಟರ್‌ನಲ್ಲಿ ಅಳೆದು ಗುಣಿಸಿ, ಬಂದ ಘನಮೀಟರನ್ನು ಸಾಂದ್ರತೆಯಿಂದ ಗುಣಿಸಿ. ಒಂದು ಘನಮೀಟರ್ ನೀರು 1,000 ಕೆಜಿ. ಕಾಂಕ್ರೀಟ್ ಸುಮಾರು 2,400, ಗ್ರಾನೈಟ್ 2,650ರಿಂದ 2,700, ಎರಕದ ಕಬ್ಬಿಣ 7,200, ಉಕ್ಕು 7,850. ಬಾದಾಮಿಯ ಮರಳುಗಲ್ಲು ಗ್ರಾನೈಟ್‌ಗಿಂತ ಹಗುರ. ಅದಕ್ಕೆ ಗ್ರಾನೈಟ್‌ನ ಅಂಕಿ ಹಾಕಬೇಡಿ.

ಇಳಕಲ್‌ನ ಕೆಂಪು ಗ್ರಾನೈಟ್ ಬ್ಲಾಕ್ ಒಂದು 1.5 ಮೀ ಉದ್ದ, 1 ಮೀ ಅಗಲ, 0.8 ಮೀ ಎತ್ತರ ಇದೆ ಎನ್ನಿ. ಗಾತ್ರ 1.2 ಘನಮೀಟರ್, ರಾಶಿ 1.2 × 2,650 = 3,180 ಕೆಜಿ. ಕ್ವಾರಿಯಿಂದ ಬಂದ ಬ್ಲಾಕಿನ ಮೈ ಸಮ ಇರುವುದಿಲ್ಲ. ಹೆಚ್ಚು ಉಬ್ಬಿದ ಕಡೆಯೇ ಟೇಪು ಹಿಡಿಯಿರಿ. ಲೆಕ್ಕ ಕ್ರೇನಿಗಾಗಿ ಆದ್ದರಿಂದ ತಪ್ಪಾದರೂ ಹೆಚ್ಚಿನ ಕಡೆಗೇ ಆಗಬೇಕು.

ಎತ್ತರವನ್ನು ಯಾವಾಗಲೂ ನೇರ ಮೇಲಕ್ಕೆ ಅಳೆಯಬೇಕು. ಹಗ್ಗದ ಉದ್ದ, ಪೈಪಿನ ಉದ್ದ, ಮೆಟ್ಟಿಲ ಸಾಲಿನ ಓರೆ ಉದ್ದ ಇದಕ್ಕೆ ಸಲ್ಲದು. ಅಡಿಯಲ್ಲಿ ಹೇಳಿದ್ದರೆ 0.305ರಿಂದ ಗುಣಿಸಿ ಮೀಟರ್ ಮಾಡಿಕೊಳ್ಳಿ.

ಎತ್ತಿದ ಕೆಲಸ

ಕೆಲಸ = ರಾಶಿ × ಜಿ × ಎತ್ತರ

ವಿಜಯಪುರದ ಎಪಿಎಂಸಿಯಲ್ಲಿ 50 ಕೆಜಿಯ ಜೋಳದ ಚೀಲವನ್ನು ನೆಲದಿಂದ 1.2 ಮೀ ಎತ್ತರದ ಟ್ರೇಲರಿಗೆ ಎತ್ತಿದರೆ:

ತೂಕ = 50 × 9.8 = 490 ನ್ಯೂಟನ್
ಕೆಲಸ = 490 × 1.2 = 588 ಜೂಲ್

ನೂರು ಚೀಲಕ್ಕೆ 58,800 ಜೂಲ್. ಕರೆಂಟಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಂದರೆ ಐದು ಟನ್ ಜೋಳ ಟ್ರೇಲರ್ ಏರಿದ್ದು ಒಂದು ಯೂನಿಟ್ಟಿನ ಅರವತ್ತನೇ ಒಂದು ಪಾಲಿನಲ್ಲಿ. ಸಂಖ್ಯೆ ನೋಡಿ ಹಮಾಲರ ದುಡಿಮೆ ಅಷ್ಟೇ ಎಂದು ತಿಳಿಯುವುದು ದೊಡ್ಡ ತಪ್ಪು. ಈ 58,800 ಜೂಲ್ ಚೀಲಕ್ಕೆ ಸೇರಿದ ಶಕ್ತಿ ಮಾತ್ರ. ಪ್ರತಿ ಸಲ ಬಗ್ಗಿ ಏಳುವಾಗ ಆತ ತನ್ನ ಮೈಯ ಮೇಲ್ಭಾಗವನ್ನೂ ಎತ್ತುತ್ತಾನೆ. 40 ಕೆಜಿಯಷ್ಟು ಮೈ 0.4 ಮೀ ಏರಿದರೆ ಮತ್ತೆ 157 ಜೂಲ್. ಅದರ ಮೇಲೆ, ಸ್ನಾಯು ಬಳಸುವ ಶಕ್ತಿಯಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆಯಷ್ಟೇ ಕೆಲಸವಾಗಿ ಹೊರಬರುತ್ತದೆ, ಉಳಿದದ್ದು ಮೈ ಕಾವಾಗಿ ಹೋಗುತ್ತದೆ.

ಚೀಲ ಹೆಗಲ ಮೇಲೆ ಹೊತ್ತು ಸಮತಟ್ಟಾದ ನೆಲದಲ್ಲಿ 30 ಮೀ ನಡೆದರೆ ಗುರುತ್ವದ ವಿರುದ್ಧ ಆದ ಕೆಲಸ ಸೊನ್ನೆ. ಬಲ ಮೇಲ್ಮುಖ, ಸ್ಥಾನಾಂತರ ಅಡ್ಡ, ನಡುವೆ 90 ಡಿಗ್ರಿ ಕೋನ. ವಿದ್ಯಾರ್ಥಿಗಳು ಇದನ್ನು ನಂಬಲು ಹಿಂಜರಿಯುತ್ತಾರೆ, ಹಿಂಜರಿಯುವುದೂ ಸಹಜ: ಹೊತ್ತವನಿಗೆ ದಣಿವಾಗುತ್ತದಲ್ಲ! ಭಾರ ಹಿಡಿದು ನಿಂತ ಸ್ನಾಯುವಿನ ಎಳೆಗಳು ಒಂದೇ ಸಮನೆ ಬಿಗಿದು ಸಡಿಲಾಗುತ್ತಲೇ ಇರುತ್ತವೆ, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಆ ಖರ್ಚು ಚೀಲಕ್ಕೆ ಸೇರುವುದಿಲ್ಲ ಎಂಬುದನ್ನಷ್ಟೇ ಸೂತ್ರ ಹೇಳುತ್ತಿದೆ.

ಹಲಗೆ ಹಾಕಿ ಉರುಳಿಸಿ ಏರಿಸಿದರೂ ಗುರುತ್ವದ ವಿರುದ್ಧದ ಕೆಲಸ ಬದಲಾಗದು. 180 ಕೆಜಿಯ ಡ್ರಮ್ಮು, 1.2 ಮೀ ಎತ್ತರ: 2,117 ಜೂಲ್. ನೇರ ಎತ್ತಲು 1,764 ನ್ಯೂಟನ್ ಬೇಕು. 3 ಮೀ ಉದ್ದದ ಹಲಗೆಯ ಮೇಲಾದರೆ ಘರ್ಷಣೆ ಬಿಟ್ಟು 706 ನ್ಯೂಟನ್ ಸಾಕು. ನಿಜವಾಗಿ ಎಳೆದದ್ದು 800 ನ್ಯೂಟನ್ ಆಗಿದ್ದರೆ ಹಾಕಿದ ಕೆಲಸ 2,400 ಜೂಲ್. ಹೆಚ್ಚುವರಿ 283 ಜೂಲ್ ಘರ್ಷಣೆಗೆ ಹೋಯಿತು.

ಸಾಮರ್ಥ್ಯ: ಹೊತ್ತು ಎಷ್ಟು ಹಿಡಿಯಿತು?

ಸಾಮರ್ಥ್ಯ = ಕೆಲಸ ÷ ಸಮಯ. ಸಮಯ ಸೆಕೆಂಡಿನಲ್ಲೇ ಇರಬೇಕು. ಬಂದ ವ್ಯಾಟನ್ನು 746ರಿಂದ ಭಾಗಿಸಿದರೆ ಎಚ್‌ಪಿ.

ಜಾತ್ರೆಯಲ್ಲಿ ಪೈಲ್ವಾನ 120 ಕೆಜಿಯ ಸಂಗ್ರಾಣಿ ಕಲ್ಲನ್ನು ನೆಲದಿಂದ 1.4 ಮೀ ಎತ್ತರದ ಹೆಗಲಿಗೆ 3 ಸೆಕೆಂಡಿನಲ್ಲಿ ಏರಿಸಿದರೆ ಕೆಲಸ 1,646 ಜೂಲ್, ಸಾಮರ್ಥ್ಯ 549 ವ್ಯಾಟ್, ಅಂದರೆ ಮುಕ್ಕಾಲು ಎಚ್‌ಪಿ. ಅದೇ ಮನುಷ್ಯ ಇಡೀ ದಿನ ಒಂದೇ ಸಮನೆ ದುಡಿಯಬೇಕೆಂದರೆ 75 ವ್ಯಾಟ್ ಆಸುಪಾಸಿಗೆ ಇಳಿಯುತ್ತಾನೆ. ಕೈಯಿಂದ ಎತ್ತುವ ಯಾವುದೇ ಸಾಧನದ ಲೆಕ್ಕಕ್ಕೆ ಈ 75ನ್ನೇ ಹಿಡಿಯಿರಿ. ಜಾತ್ರೆಯ 549 ಅಲ್ಲ.

ಶಾಲೆಯ ಮಕ್ಕಳಿಗೆ ಒಳ್ಳೆಯ ಪ್ರಯೋಗವೆಂದರೆ ಮೆಟ್ಟಿಲು ಹತ್ತುವುದು. ಗೋಳಗುಮ್ಮಟದ ಏಳು ಅಂತಸ್ತಿನ ಮಿನಾರದ ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರ, ಕೆಲವು ಸವೆದಿವೆ. ಆದ್ದರಿಂದ ಹತ್ತು ಮೆಟ್ಟಿಲನ್ನು ಅಳೆದು ಸರಾಸರಿ ತೆಗೆದು, ಎಣಿಸಿದ ಮೆಟ್ಟಿಲಿನಿಂದ ಗುಣಿಸಿ. ಮೊತ್ತ 30 ಮೀ ಬಂದರೆ 60 ಕೆಜಿಯ ವಿದ್ಯಾರ್ಥಿ ಮಾಡಿದ ಕೆಲಸ 17,640 ಜೂಲ್. ನಾಲ್ಕು ನಿಮಿಷದಲ್ಲಿ ಹತ್ತಿದರೆ 73.5 ವ್ಯಾಟ್, ಎರಡು ನಿಮಿಷದಲ್ಲಾದರೆ 147 ವ್ಯಾಟ್. ಕೆಲಸ ಎರಡರಲ್ಲೂ ಒಂದೇ. ಇದನ್ನು ಕೈಯಾರೆ ಅಳೆದ ಮಗು ಕೆಲಸಕ್ಕೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ಮತ್ತೆ ಮರೆಯುವುದಿಲ್ಲ.

ಭಾರ ಒಂದೇ ವೇಗದಲ್ಲಿ ಏರುತ್ತಿದ್ದರೆ ಇನ್ನೊಂದು ದಾರಿ ಇದೆ: ಸಾಮರ್ಥ್ಯ = ತೂಕ × ವೇಗ. ಮೇಲಿನ 3,180 ಕೆಜಿಯ ಬ್ಲಾಕನ್ನು 2 ಮೀ ಎತ್ತಲು 40 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.05 ಮೀ. ತೂಕ 31,164 ನ್ಯೂಟನ್, ಸಾಮರ್ಥ್ಯ 1,558 ವ್ಯಾಟ್. ಇದು ಕೊಕ್ಕೆಯ ಬಳಿ ಬೇಕಾದದ್ದು. ಗೇರು, ಡ್ರಮ್ಮು, ತಂತಿಹಗ್ಗ, ಗಡಗಡಿ ಎಲ್ಲ ದಾಟಿ ಬರುವಾಗ ದಕ್ಷತೆ (ಹಾಕಿದ್ದರಲ್ಲಿ ಉಪಯೋಗಕ್ಕೆ ಬರುವ ಪಾಲು) ಶೇ 65 ಎಂದಾದರೆ ಮೋಟಾರಿನ ಶಾಫ್ಟಿನಲ್ಲಿ 1,558 ÷ 0.65 = 2,397 ವ್ಯಾಟ್, ಅಂದರೆ 3.2 ಎಚ್‌ಪಿ ಬೇಕು. 3 ಎಚ್‌ಪಿ ಮೋಟಾರು ‘ಹತ್ತಿರ ಹತ್ತಿರ ಸಾಕು’ ಎಂದು ಕೂರಿಸಿದರೆ ಪ್ರತಿ ಎತ್ತಿನಲ್ಲೂ ಓವರ್‌ಲೋಡ್ ಆಗಿ ವೈಂಡಿಂಗ್ ಬಿಸಿಯಾಗುತ್ತದೆ. 5 ಎಚ್‌ಪಿ ಹಾಕಬೇಕು.

ಚೈನ್ ಬ್ಲಾಕಿನ ದಕ್ಷತೆ ಅಳೆಯುವುದು

ಫೌಂಡ್ರಿಯಲ್ಲಿ 500 ಕೆಜಿಯ ಎರಕವನ್ನು 1.5 ಮೀ ಎತ್ತಬೇಕು. ಉಪಯುಕ್ತ ಕೆಲಸ 7,350 ಜೂಲ್. ಬ್ಲಾಕ್ ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಟೇಪು, ಒಂದು ಸೀಮೆಸುಣ್ಣದ ತುಂಡು ಸಾಕು.

1. ಕೈಸರಪಳಿಯ ಒಂದು ಕೊಂಡಿಗೆ ಸುಣ್ಣದ ಗುರುತು ಹಾಕಿ. ಭಾರ 10 ಸೆಂಮೀ ಏರುವವರೆಗೆ ಎಳೆದು, ಎಷ್ಟು ಕೈಸರಪಳಿ ಇಳಿದು ಬಂತು ಎಂದು ಅಳೆಯಿರಿ. 4 ಮೀ ಬಂದರೆ ವೇಗಾನುಪಾತ 40.
2. ಅದೇ ಸರಪಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ, ನಿಲ್ಲಿಸದೆ ಎಳೆಯಿರಿ. ಭಾರ ಏರುತ್ತಿರುವಾಗ ಮುಳ್ಳು ಎಲ್ಲಿದೆ ನೋಡಿ. ಎಳೆತ ಶುರುವಾಗುವ ಕ್ಷಣದ ಅಂಕಿ ಬೇಡ, ಅದು ಹೆಚ್ಚೇ ತೋರಿಸುತ್ತದೆ. 20 ಕೆಜಿ ಎಂದು ತೋರಿಸಿದರೆ ಬಲ 196 ನ್ಯೂಟನ್.
3. 1.5 ಮೀ ಎತ್ತಲು 40 ಪಟ್ಟು, ಅಂದರೆ 60 ಮೀ ಸರಪಳಿ ಎಳೆಯಬೇಕು. ಹಾಕಿದ ಕೆಲಸ 196 × 60 = 11,760 ಜೂಲ್.
4. ದಕ್ಷತೆ = 7,350 ÷ 11,760 = ಶೇ 62.5.

75 ವ್ಯಾಟ್‌ನಲ್ಲಿ ದುಡಿಯುವ ಒಬ್ಬನಿಗೆ ಈ ಎತ್ತಿಗೆ 157 ಸೆಕೆಂಡ್, ಅಂದರೆ ಎರಡೂವರೆ ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಬೇಗ ಆಗಲೆಂದು ಇಬ್ಬರು ಜೋತುಬಿದ್ದು ಎಳೆದರೆ ಉಪಯೋಗವಿಲ್ಲದ ಜಗ್ಗಾಟವಾಗುತ್ತದೆ. ಒಬ್ಬನಿಂದ ಆಗದಿದ್ದರೆ ಬ್ಲಾಕಿನ ಅಳತೆ ಚಿಕ್ಕದು ಅಥವಾ ಒಳಗೆ ಏನೋ ಹಿಡಿದುಕೊಂಡಿದೆ ಎಂದೇ ಅರ್ಥ. ಮೂರು ತಿಂಗಳಿಗೊಮ್ಮೆ ಇದೇ ಭಾರಕ್ಕೆ ಇದೇ ಪರೀಕ್ಷೆ ಮಾಡಿ ಅಂಕಿ ಬರೆದಿಡಿ. 20 ಕೆಜಿ ಎಳೆತ 26 ಆಯಿತೆಂದರೆ ದಕ್ಷತೆ ಶೇ 48ಕ್ಕೆ ಇಳಿದಿದೆ. ಫೌಂಡ್ರಿಯ ಮರಳು ಗೇರಿನೊಳಗೆ ಹೊಕ್ಕಿದೆಯೇ, ಸರಪಳಿ ಸವೆದು ಚಕ್ರದ ಗುಳಿಯಲ್ಲಿ ಸರಿಯಾಗಿ ಕೂರುತ್ತಿಲ್ಲವೇ ನೋಡಬೇಕು.

ಭಾರ ಇಳಿಸುವಾಗ ಆ 7,350 ಜೂಲ್ ಎಲ್ಲಿ ಹೋಗುತ್ತದೆ? ಬ್ರೇಕಿನ ಕಾವಾಗಿ. ಹಗಲೆಲ್ಲ ಇಳಿಸುವ ಕೆಲಸವೇ ಇರುವ ಬ್ಲಾಕಿನ ಬ್ರೇಕು ಬೇಗ ಸವೆಯುವುದು ಇದಕ್ಕೇ.

ನೀರೆತ್ತುವ ಪಂಪು

ನೀರೂ ಎತ್ತುವ ಭಾರವೇ. ಒಂದು ಲೀಟರ್ ಒಂದು ಕೆಜಿ ಆದ್ದರಿಂದ ಲೆಕ್ಕ ಇನ್ನೂ ಸಲೀಸು:

ನೀರಿನ ಸಾಮರ್ಥ್ಯ (ವ್ಯಾಟ್) = ಸೆಕೆಂಡಿಗೆ ಬರುವ ಲೀಟರ್ × 9.8 × ಒಟ್ಟು ಎತ್ತರ

ಹರಿವು ಅಳೆಯಲು 200 ಲೀಟರಿನ ಡ್ರಮ್ಮು ತೆಗೆದುಕೊಳ್ಳಿ. ಪಂಪು ಶುರು ಮಾಡಿದ ಕೂಡಲೇ ಅಳೆಯಬೇಡಿ. ಬಾವಿಯ ಅಥವಾ ಬೋರಿನ ನೀರಿನ ಮಟ್ಟ ಇಳಿದು ಒಂದು ಕಡೆ ನಿಲ್ಲುವವರೆಗೆ ಅರ್ಧ ಗಂಟೆಯಾದರೂ ಓಡಲಿ. ಆಮೇಲೆ ಪೈಪನ್ನು ಡ್ರಮ್ಮಿಗೆ ತಿರುಗಿಸಿ ತುಂಬಲು ಹಿಡಿದ ಸೆಕೆಂಡ್ ನೋಡಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 25 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 8 ಲೀಟರ್.

ಎತ್ತರದ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ‘ಆರುನೂರು ಅಡಿ ಬೋರು’ ಎಂದಾಕ್ಷಣ 183 ಮೀ ಎಂದು ಬರೆಯುವುದು ತಪ್ಪು. ಬೋರಿನ ಆಳವೂ ಅಲ್ಲ, ಪಂಪು ಇಳಿಬಿಟ್ಟ ಆಳವೂ ಅಲ್ಲ. ಪಂಪು ಓಡುತ್ತಿರುವಾಗ ಒಳಗೆ ನೀರಿನ ಮಟ್ಟ ಎಲ್ಲಿದೆಯೋ ಅಲ್ಲಿಂದ ಅಳೆಯಬೇಕು. ಮಟ್ಟದ ಕೆಳಗಿನ ನೀರನ್ನು ಸುತ್ತಲಿನ ನೀರೇ ಒತ್ತಿ ಮೇಲಕ್ಕೆ ತರುತ್ತದೆ. ಆ ಮಟ್ಟದಿಂದ ನೀರು ಹೊರಬೀಳುವ ಬಾಯಿಯವರೆಗಿನ ನೇರ ಎತ್ತರಕ್ಕೆ ಎರಡು ಸೇರಿಸಿ: ಪೈಪಿನ ಘರ್ಷಣೆ, ಮತ್ತು ಹನಿ ನೀರಾವರಿ ಇದ್ದರೆ ಅದಕ್ಕೆ ಬೇಕಾದ ಒತ್ತಡ. ಗೇಜಿನಲ್ಲಿ ಒಂದು ಚದರ ಸೆಂಮೀಗೆ 1 ಕೆಜಿ ಎಂದು ತೋರಿಸಿದರೆ ಅದು 10 ಮೀ ಎತ್ತರಕ್ಕೆ ಸಮ.

ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಕ್ಕೆ ಒಂದು ಲೆಕ್ಕ: ಓಡುವಾಗಿನ ನೀರಿನ ಮಟ್ಟ 100 ಮೀ ಕೆಳಗೆ, ಪೈಪಿನ ಘರ್ಷಣೆ 5 ಮೀ, ಹನಿ ನಳಿಕೆಗೆ ಗೇಜು 1.5 ಅಂದರೆ 15 ಮೀ. ಒಟ್ಟು 120 ಮೀ. ಸೆಕೆಂಡಿಗೆ 2 ಲೀಟರ್ ಬೇಕು.

ನೀರಿನ ಸಾಮರ್ಥ್ಯ = 2 × 9.8 × 120 = 2,352 ವ್ಯಾಟ್
ಪಂಪಿನ ದಕ್ಷತೆ ಶೇ 55 ಆದರೆ ಶಾಫ್ಟಿನಲ್ಲಿ 4,276 ವ್ಯಾಟ್ = 5.7 ಎಚ್‌ಪಿ
ಮೋಟಾರಿನ ದಕ್ಷತೆ ಶೇ 75 ಆದರೆ ತಂತಿಯಿಂದ 5,700 ವ್ಯಾಟ್

ಆದ್ದರಿಂದ 5 ಎಚ್‌ಪಿ ಸಾಲದು, 7.5 ಎಚ್‌ಪಿ ಬೇಕು. ಗಂಟೆಗೆ 7,200 ಲೀಟರ್ ನೀರು, 5.7 ಯೂನಿಟ್ ಕರೆಂಟು. ಮೋಟಾರಿನ ಪ್ಲೇಟಿನ ಮೇಲಿರುವ ಎಚ್‌ಪಿ ಶಾಫ್ಟಿನಿಂದ ಹೊರಬರುವ ಸಾಮರ್ಥ್ಯ. ತಂತಿಯಿಂದ ಎಳೆಯುವುದು ಅದಕ್ಕಿಂತ ಹೆಚ್ಚು. 5 ಎಚ್‌ಪಿ ಎಂದರೆ 3.7 ಕಿಲೊವ್ಯಾಟ್, ಆದ್ದರಿಂದ ಗಂಟೆಗೆ 3.7 ಯೂನಿಟ್ ಎಂದು ಹಾಕುವ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ.

ಈಗಿರುವ ಪಂಪಿನ ದಕ್ಷತೆ ಬೇಕಾದರೆ ಟಾಂಗ್ ಟೆಸ್ಟರ್ (ತಂತಿಯ ಸುತ್ತ ಇಕ್ಕಳದಂತೆ ಹಿಡಿಯುವ ಮೀಟರ್) ಹಿಡಿದು ಕರೆಂಟು ಅಳೆಸಿ. ಮೂರು ಫೇಸಿಗೆ ವಿದ್ಯುತ್ ಸಾಮರ್ಥ್ಯ = 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್. ತೆರೆದ ಬಾವಿಯಿಂದ 20 ಮೀ ಎತ್ತರಕ್ಕೆ ಸೆಕೆಂಡಿಗೆ 8 ಲೀಟರ್ ಕೊಡುವ ಪಂಪು 415 ವೋಲ್ಟಿನಲ್ಲಿ 7 ಆಂಪಿಯರ್ ಎಳೆಯುತ್ತಿದೆ, ಪವರ್ ಫ್ಯಾಕ್ಟರ್ 0.8 ಎಂದರೆ ಒಳಹೋಗುವುದು 4,025 ವ್ಯಾಟ್, ನೀರಿಗೆ ಸೇರುವುದು 8 × 9.8 × 20 = 1,568 ವ್ಯಾಟ್. ಒಟ್ಟು ದಕ್ಷತೆ ಶೇ 39. ಫೇಸ್ ವೈರ್ ಮುಟ್ಟುವ ಈ ಅಳತೆಯನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ.

ನೀರು ಕಡಿಮೆಯಾದಾಗ ಈ ಎರಡು ಅಂಕಿಗಳೇ ರೋಗ ಹೇಳುತ್ತವೆ. ಹರಿವೂ ಇಳಿದು ಆಂಪಿಯರೂ ಇಳಿದಿದ್ದರೆ ಸಾಮಾನ್ಯವಾಗಿ ನೀರಿನ ಮಟ್ಟ ಕೆಳಗೆ ಹೋಗಿದೆ ಅಥವಾ ಜಾಲರಿ ಕಟ್ಟಿದೆ. ಹರಿವು ಇಳಿದು ಆಂಪಿಯರ್ ಹಾಗೇ ಇದ್ದರೆ ಪಂಪಿನೊಳಗೆ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್ ಸವೆದಿರಬೇಕು, ಇಲ್ಲವೇ ಕಾಲಂ ಪೈಪಿನಲ್ಲಿ ಸೋರಿಕೆ ಇದ್ದು ಎತ್ತಿದ ನೀರೇ ಮತ್ತೆ ಕೆಳಗೆ ಬೀಳುತ್ತಿರಬೇಕು. ಎರಡರಲ್ಲೂ ದೊಡ್ಡ ಮೋಟಾರು ತಂದು ಹಾಕುವುದು ದುಡ್ಡು ಹಾಳು.

ಬೀಳುವಾಗ

ಎತ್ತಿ ಇಟ್ಟ ವಸ್ತುವಿನಲ್ಲಿ ರಾಶಿ × ಜಿ × ಎತ್ತರದಷ್ಟು ಪ್ರಚ್ಛನ್ನ ಶಕ್ತಿ ಇರುತ್ತದೆ. ಬಿಟ್ಟೊಡನೆ ಅದು ಚಲನ ಶಕ್ತಿಯಾಗತೊಡಗುತ್ತದೆ. ಚಲನ ಶಕ್ತಿ = ½ × ರಾಶಿ × ವೇಗ × ವೇಗ. ಎರಡರ ಮೊತ್ತವೇ ಯಾಂತ್ರಿಕ ಶಕ್ತಿ. ಗಾಳಿಯ ತಡೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಇರುವವರೆಗೆ ಅದು ಬದಲಾಗದು. 5 ಕೆಜಿ ಕಲ್ಲನ್ನು 20 ಮೀ ಎತ್ತರದಿಂದ ಬಿಟ್ಟರೆ:

20 ಮೀ ಎತ್ತರದಲ್ಲಿ: ಪ್ರಚ್ಛನ್ನ 980, ಚಲನ 0
15 ಮೀ: 735, 245
10 ಮೀ: 490, 490
5 ಮೀ: 245, 735
ನೆಲ ಮುಟ್ಟುವ ಮುನ್ನ: 0, 980 ಜೂಲ್

ವೇಗ = √(2 × ಜಿ × ಬಿದ್ದ ಎತ್ತರ). ಇಲ್ಲಿ ರಾಶಿ ಬರುವುದೇ ಇಲ್ಲ, ಐದು ಕೆಜಿ ಕಲ್ಲಿಗೂ ಐವತ್ತು ಕೆಜಿ ಕಲ್ಲಿಗೂ ವೇಗ ಒಂದೇ. ನೆನಪಿಡಲು ಕೆಲವು: 1 ಮೀ ಬಿದ್ದರೆ ಸೆಕೆಂಡಿಗೆ 4.4 ಮೀ, 5 ಮೀಗೆ 9.9, 10 ಮೀಗೆ 14, 20 ಮೀಗೆ 19.8. ಅರ್ಧ ಎತ್ತರದಲ್ಲಿ ಶಕ್ತಿ ಅರ್ಧವಾದರೂ ವೇಗ ಅರ್ಧವಲ್ಲ, ಶೇ 71ರಷ್ಟು ಆಗಿಬಿಟ್ಟಿರುತ್ತದೆ. ವೇಗ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದಾಗ ಜಾರುವವರು ಬಹಳ.

ಗುರುತ್ವದ ಸಾಮರ್ಥ್ಯವನ್ನೂ ಕೇಳುತ್ತಾರೆ. ಆ ಕಲ್ಲು ಬೀಳಲು 2.02 ಸೆಕೆಂಡ್, ಸರಾಸರಿ ಸಾಮರ್ಥ್ಯ 980 ÷ 2.02 = 485 ವ್ಯಾಟ್. ನೆಲ ಮುಟ್ಟುವ ಕ್ಷಣದ ಸಾಮರ್ಥ್ಯ ತೂಕ × ವೇಗ = 49 × 19.8 = 970 ವ್ಯಾಟ್, ಸರಾಸರಿಯ ಸರಿಯಾಗಿ ಎರಡು ಪಟ್ಟು. ಪ್ರಶ್ನೆ ಯಾವುದನ್ನು ಕೇಳಿದೆ ಎಂದು ಓದಿ ಬರೆಯಿರಿ.

ಗಾಳಿಯನ್ನು ಬಿಟ್ಟುಬಿಡಬಹುದಾದದ್ದು ಕಲ್ಲು, ಕಬ್ಬಿಣ, ಇಟ್ಟಿಗೆಗೆ ಮಾತ್ರ. ಕಣದಲ್ಲಿ ಜೋಳ ತೂರುವುದನ್ನು ನೋಡಿ: ಮೊರದಿಂದ ಒಂದೇ ಎತ್ತರದಿಂದ ಬಿಟ್ಟರೂ ಕಾಳು ನೆಟ್ಟಗೆ ಕಾಲ ಬಳಿ ಬೀಳುತ್ತದೆ, ಹೊಟ್ಟು ಆಚೆ ತೇಲಿ ಹೋಗುತ್ತದೆ. ಹೊಟ್ಟಿನ ಪ್ರಚ್ಛನ್ನ ಶಕ್ತಿಯ ಬಹುಪಾಲು ವೇಗವಾಗದೆ ಗಾಳಿಯನ್ನು ಕದಡುವುದರಲ್ಲೇ ಕಳೆಯುತ್ತದೆ. ಅಂಥ ಹಗುರ ವಸ್ತುವಿಗೆ ಮೇಲಿನ ವರ್ಗಮೂಲದ ಸೂತ್ರ ಹಾಕಬಾರದು.

ಬೀಳುವ ನೀರಿಗೂ ಇದೇ ಲೆಕ್ಕ. ಘಟಪ್ರಭೆ ಗೋಕಾಕದಲ್ಲಿ 52 ಮೀ ಧುಮುಕುತ್ತದೆ. ಪ್ರತಿ ಲೀಟರಿಗೆ 510 ಜೂಲ್. ಅದಷ್ಟೂ ಕೆಳಗಿನ ಮಡುವಿನಲ್ಲಿ ಕಾವಾದರೂ ನೀರು ಬಿಸಿಯಾಗುವುದು 0.12 ಡಿಗ್ರಿ ಸೆಲ್ಸಿಯಸ್ ಮಾತ್ರ, ಏಕೆಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4,190 ಜೂಲ್ ಬೇಕು.

ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಬರುವ ಕ್ಯೂಸೆಕ್ ಅಂಕಿಯನ್ನೂ ವ್ಯಾಟ್ ಮಾಡಬಹುದು. ಒಂದು ಕ್ಯೂಸೆಕ್ ಸೆಕೆಂಡಿಗೆ 28.3 ಲೀಟರ್, ಒಂದು ಕ್ಯೂಸೆಕ್ ಒಂದು ಮೀಟರ್ ಬಿದ್ದರೆ 277 ವ್ಯಾಟ್. ಆಲಮಟ್ಟಿಯ ವಿದ್ಯುದಾಗಾರದಲ್ಲಿ 55 ಮೆಗಾವ್ಯಾಟ್‌ನ ಐದು, 15 ಮೆಗಾವ್ಯಾಟ್‌ನ ಒಂದು, ಒಟ್ಟು 290 ಮೆಗಾವ್ಯಾಟ್‌ನ ಯಂತ್ರಗಳಿವೆ. ಲೆಕ್ಕಕ್ಕೆ ಬೀಳುವ ಎತ್ತರ 25 ಮೀ, ದಕ್ಷತೆ ಶೇ 90 ಎಂದಿಟ್ಟುಕೊಂಡರೆ 55 ಮೆಗಾವ್ಯಾಟ್‌ನ ಒಂದು ಯಂತ್ರಕ್ಕೆ 5,50,00,000 ÷ (277 × 25 × 0.9), ಅಂದರೆ ಸುಮಾರು 8,800 ಕ್ಯೂಸೆಕ್ ನೀರು ಬೇಕು. ಜಲಾಶಯದ ಮಟ್ಟ ಇಳಿದಂತೆ ಅಷ್ಟೇ ನೀರಿಗೆ ಹುಟ್ಟುವ ವಿದ್ಯುತ್ತೂ ಇಳಿಯುತ್ತದೆ.

ಪೆಟ್ಟಿನ ಬಲ

ಬಿದ್ದ ವಸ್ತುವಿನ ಶಕ್ತಿ ಗೊತ್ತಾದ ಮಾತ್ರಕ್ಕೆ ಪೆಟ್ಟಿನ ಬಲ ಗೊತ್ತಾಗದು. ಸರಾಸರಿ ಬಲ = ಶಕ್ತಿ ÷ ನಿಲ್ಲಲು ಸರಿದ ದೂರ.

ಕಟ್ಟಡದ ಕೆಲಸದಲ್ಲಿ 3 ಕೆಜಿಯ ಇಟ್ಟಿಗೆ 9 ಮೀ ಎತ್ತರದಿಂದ ಜಾರಿದರೆ ಶಕ್ತಿ 265 ಜೂಲ್, ವೇಗ ಸೆಕೆಂಡಿಗೆ 13.3 ಮೀ, ಅಂದರೆ ಗಂಟೆಗೆ 48 ಕಿಮೀ. ಸಡಿಲ ಮರಳಿನಲ್ಲಿ 10 ಸೆಂಮೀ ಹೂತು ನಿಂತರೆ ಸರಾಸರಿ ಬಲ 2,650 ನ್ಯೂಟನ್. ಗಟ್ಟಿ ಜಾಗಕ್ಕೆ ಬಡಿದು 1 ಸೆಂಮೀಯಲ್ಲಿ ನಿಂತರೆ 26,500 ನ್ಯೂಟನ್, ಸುಮಾರು 2.7 ಟನ್ ಭಾರಕ್ಕೆ ಸಮ. ವಸ್ತು ಅದೇ, ಎತ್ತರ ಅದೇ, ಬಲ ಹತ್ತು ಪಟ್ಟು. ಕೈಗಾರಿಕಾ ಹೆಲ್ಮೆಟ್ಟಿನ ಯುರೋಪಿಯನ್ ಮಾನಕ ಇಎನ್ 397ರಲ್ಲಿ ಆಘಾತ ತಡೆಯುವ ಪರೀಕ್ಷೆಗೆ 5 ಕೆಜಿಯನ್ನು 1 ಮೀ ಎತ್ತರದಿಂದ ಬೀಳಿಸುತ್ತಾರೆ, ಅದು 49 ಜೂಲ್. ಈ ಇಟ್ಟಿಗೆಯದು ಅದರ ಐದು ಪಟ್ಟಿಗೂ ಹೆಚ್ಚು. ಹೆಲ್ಮೆಟ್ ಹಾಕಿಕೊಂಡೇ ಇರಬೇಕು, ಆದರೆ ಅದನ್ನು ನಂಬಿ ಎತ್ತುತ್ತಿರುವ ಭಾರದ ಕೆಳಗೆ ನಿಲ್ಲಬಾರದು. ಕೆಳಗಿನ ಜಾಗಕ್ಕೆ ಹಗ್ಗ ಕಟ್ಟಿ ಜನರನ್ನು ತಡೆಯುವುದೇ ಸರಿಯಾದ ದಾರಿ.

ಇದೇ ಲೆಕ್ಕ ಸರಪಳಿಯನ್ನೂ ಹರಿಯುತ್ತದೆ. 500 ಕೆಜಿಯ ಎರಕಕ್ಕೆ ಸರಪಳಿ ಸಡಿಲ ಸುತ್ತಿದೆ, ಮಧ್ಯೆ ಎಲ್ಲೋ ಒಂದು ಕೊಂಡಿ ಅಡ್ಡ ಸಿಕ್ಕಿದೆ. ಎತ್ತುವಾಗ ಅದು ಬಿಡಿಸಿಕೊಂಡು ಭಾರ 10 ಸೆಂಮೀ ಕುಸಿಯಿತು, ಸರಪಳಿ 1 ಸೆಂಮೀ ಹಿಗ್ಗಿ ಹಿಡಿಯಿತು ಎನ್ನಿ. ಭಾರ ಒಟ್ಟು ಇಳಿದದ್ದು 11 ಸೆಂಮೀ, ಹಿಡಿದದ್ದು 1 ಸೆಂಮೀಯಲ್ಲಿ. ಸರಾಸರಿ ಎಳೆತ ತೂಕದ 11 ಪಟ್ಟು: 4,900 × 11 = 53,900 ನ್ಯೂಟನ್. ಹಿಗ್ಗಿದಂತೆ ಎಳೆತ ಸೊನ್ನೆಯಿಂದ ಏರುತ್ತ ಹೋಗುವುದರಿಂದ ಕೊನೆಯ ಕ್ಷಣದ ಎಳೆತ ಸರಾಸರಿಯ ಎರಡು ಪಟ್ಟಿನ ಹತ್ತಿರ, ಅಂದರೆ 11 ಟನ್. 2 ಟನ್ ಎಂದು ಗುರುತಿರುವ, ನಾಲ್ಕು ಪಟ್ಟು ಸುರಕ್ಷತೆ ಇಟ್ಟು ಮಾಡಿದ ಸರಪಳಿ ತುಂಡಾಗುವುದು 8 ಟನ್ನಿಗೆ. ಅರ್ಧ ಟನ್ ಭಾರಕ್ಕೆ 2 ಟನ್ನಿನ ಸರಪಳಿ ಹರಿದಾಗ ‘ಮಾಲು ಖೋಟಾ’ ಎನ್ನುವ ಮೊದಲು ಈ ಲೆಕ್ಕ ಹಾಕಿ ನೋಡಬೇಕು. ಕೊಕ್ಕೆಯನ್ನು ನಿಧಾನಕ್ಕೆ ಏರಿಸಿ, ಸರಪಳಿ ಬಿಗಿಯಾದ ಕೂಡಲೇ ನಿಲ್ಲಿಸಿ, ಪ್ರತಿ ಕೊಂಡಿಯೂ ನೆಟ್ಟಗೆ ಕೂತಿದೆಯೇ ನೋಡಿ, ಭಾರವನ್ನು ನೆಲದಿಂದ 5 ಸೆಂಮೀಯಷ್ಟೇ ಎತ್ತಿ ಮತ್ತೊಮ್ಮೆ ನಿಲ್ಲಿಸಿ.

ಬೇಕೆಂದೇ ಬೀಳಿಸುವ ಭಾರ

ಮಣ್ಣಿಗೆ ಧಮ್ಮಸು ಹಾಕುವುದೂ ಬೀಳುವ ಭಾರದ ಲೆಕ್ಕವೇ. ರಸ್ತೆ ಕಾಮಗಾರಿಯ ಪ್ರಯೋಗಾಲಯದಲ್ಲಿ ಎರೆಮಣ್ಣಿಗೆ ಎಷ್ಟು ನೀರು ಬೆರೆಸಿ ಬಡಿದರೆ ಚೆನ್ನಾಗಿ ಗಟ್ಟಿಯಾಗುತ್ತದೆ ಎಂದು ನೋಡಲು ಪ್ರಾಕ್ಟರ್ ಪರೀಕ್ಷೆ ಮಾಡುತ್ತಾರೆ. ಭಾರತೀಯ ಮಾನಕದ ಹಗುರ ಪರೀಕ್ಷೆಗೆ ಸುತ್ತಿಗೆ 2.6 ಕೆಜಿ, ಬೀಳುವ ಎತ್ತರ 310 ಮಿಮೀ, ಅಚ್ಚು 1,000 ಘನ ಸೆಂಮೀ, ಮೂರು ಪದರ, ಪದರಕ್ಕೆ 25 ಪೆಟ್ಟು. ಒಂದು ಪೆಟ್ಟಿಗೆ 2.6 × 9.8 × 0.31 = 7.9 ಜೂಲ್, 75 ಪೆಟ್ಟಿಗೆ 592 ಜೂಲ್. ಸುತ್ತಿಗೆಯನ್ನು ಪೂರ್ತಿ ಎತ್ತದೆ 28 ಸೆಂಮೀಗೇ ಬಿಟ್ಟರೆ ಪ್ರತಿ ಪೆಟ್ಟಿನಲ್ಲೂ ಶೇ 10ರಷ್ಟು ಶಕ್ತಿ ಕಡಿಮೆ, ಸಾಂದ್ರತೆಯೂ ಕಡಿಮೆ ಬರುತ್ತದೆ. ಕೈಯಿಂದ ಒತ್ತಿ ಹೊಡೆದರೆ ಇದಕ್ಕೆ ವಿರುದ್ಧ: ಮಾನಕಕ್ಕಿಂತ ಹೆಚ್ಚು ಶಕ್ತಿ ಮಣ್ಣಿಗೆ ಸೇರಿ ಫಲಿತಾಂಶ ಸುಳ್ಳಾಗುತ್ತದೆ. ಎತ್ತಿ, ಕೈ ಬಿಟ್ಟುಬಿಡಬೇಕು.

ಅಡಿಪಾಯಕ್ಕೆ ಮುಂಚೆ, ಸುತ್ತಿಗೆಯಿಂದ ರಾಡನ್ನು ನೆಲಕ್ಕೆ ಹೊಡೆದು ಪೆಟ್ಟು ಎಣಿಸಿ ಮಣ್ಣಿನ ಗಟ್ಟಿತನ ನೋಡುವ ಎಸ್‌ಪಿಟಿ ಪರೀಕ್ಷೆಯಲ್ಲಿ 63.5 ಕೆಜಿ ಸುತ್ತಿಗೆ 75 ಸೆಂಮೀ ಬೀಳುತ್ತದೆ: 467 ಜೂಲ್. ಆದರೆ ಹಗ್ಗ ಗಡಗಡಿಯಲ್ಲಿ ಉಜ್ಜಿ ಇಳಿಯುವುದರಿಂದ ಅಷ್ಟೂ ರಾಡಿಗೆ ತಲುಪುವುದಿಲ್ಲ. ಅದಕ್ಕೇ ಎಂಜಿನಿಯರುಗಳು ಪೆಟ್ಟಿನ ಎಣಿಕೆಯನ್ನು ಶೇ 60 ಶಕ್ತಿ ತಲುಪಿದಾಗ ಬರುವ ಎಣಿಕೆಗೆ, ಅಂದರೆ 280 ಜೂಲಿನ ಪೆಟ್ಟಿಗೆ, ಹೊಂದಿಸಿ ಬರೆಯುತ್ತಾರೆ. ಶೇ 45 ಮಾತ್ರ ತಲುಪಿಸುವ ಸುತ್ತಿಗೆಯಿಂದ 20 ಪೆಟ್ಟು ಬಂದಿದ್ದರೆ ಆ ಲೆಕ್ಕದಲ್ಲಿ ಅದು 20 × 45 ÷ 60 = 15 ಪೆಟ್ಟು.